ರೂಪ ಮತ್ತು ರೂಢಿ

ಮನುಷ್ಯನ ಬಾಳಿನಲ್ಲಿ ಅಭ್ಯಾಸಕ್ಕಿರುವ ಶಕ್ತಿ ಅಪಾರವಾದುದು. ಒಂದು ದಿನ ಮಾಡಿದ ಕೆಲಸ ಮರುದಿನ ಮರೆತುಹೋಗಬಹುದು. ನಿತ್ಯವೂ ಮಾಡಿದ ಕೆಲಸ ಮೈಯಲ್ಲಿ ಬಲವಾಗಿ, ಮುಖದಲ್ಲಿ ಕಾಂತಿಯಾಗಿ ನೆಲೆಗೊಳ್ಳುತ್ತದೆ. ಕೆಟ್ಟ ರೂಢಿಯೂ ಹಾಗೆಯೇ ತನ್ನ ಗುರುತನ್ನು ಉಳಿಸದೆ ಹೋಗುವುದಿಲ್ಲ. ಈ ಸತ್ಯವನ್ನು ವ್ಯಾಯಾಮಶಾಲೆಯಲ್ಲಿ ಒಂದು ಬಗೆಯಾಗಿ, ಸಾಹಿತ್ಯದಲ್ಲಿ ಇನ್ನೊಂದು ಬಗೆಯಾಗಿ ತೋರಿಸಿಕೊಟ್ಟವರು ಕೆ. ವಿ. ಅಯ್ಯರ್.

ಕೋಲಾರ ಸೀಮೆಯಿಂದ ಬಂದ ವೆಂಕಟೇಶ ಅಯ್ಯರ್ ಅವರು 1920ರ ದಶಕದಲ್ಲಿ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯೊಂದನ್ನು ನಡೆಸತೊಡಗಿದರು. ಗ್ರೀಕ್ ಪುರಾಣದ ಮಹಾಬಲನ ಹೆಸರಿನಿಂದ ಅದು ‘ಹರ್ಕ್ಯುಲಿಸ್ ಜಿಮ್ನೇಷಿಯಂ’ ಎನಿಸಿಕೊಂಡಿತು. ಶಾಲೆಗೆ ಬರಲಾಗದ ದೂರದ ಊರಿನವರಿಗೆ ಅವರು ಅಂಚೆಯ ಮೂಲಕವೇ ಪಾಠಗಳನ್ನು ಕಳುಹಿಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರ ವಿದ್ಯೆಯನ್ನು ಮೆಚ್ಚಿ ಪ್ರೋತ್ಸಾಹಿಸಿದರು.

ಅಯ್ಯರ್ ಅವರ ಪದ್ಧತಿಯಲ್ಲಿ ಪಶ್ಚಿಮದ ಭಾರದ ಕಸರತ್ತಿನೊಡನೆ ನಮ್ಮ ನಾಡಿನ ಯೋಗಾಸನಗಳಿಗೂ ಸೂರ್ಯನಮಸ್ಕಾರಕ್ಕೂ ಸ್ಥಾನವಿತ್ತು. ಸೂರ್ಯನಮಸ್ಕಾರವನ್ನು ಕುರಿತು ಅವರು ಪುಸ್ತಕವನ್ನೇ ಬರೆದರು. ಅದಕ್ಕೆ ಬೇಕಾದುದು ಆರಡಿ ಉದ್ದದ ನೆಲ ಮಾತ್ರ. ದೇಹ ಮುಂದಕ್ಕೆ ಬಾಗಿದಾಗ ಉಸಿರು ಹೊರಹೋಗುತ್ತದೆ, ಎದೆ ಅರಳಿ ಹಿಂದಕ್ಕೆ ಬಾಗಿದಾಗ ಒಳಬರುತ್ತದೆ. ಬೆನ್ನೆಲುಬಿನ ಸುತ್ತಣ ಸ್ನಾಯುಗಳು ಕ್ರಮವಾಗಿ ಹಿಗ್ಗಿ ಕುಗ್ಗುತ್ತವೆ. ಉಸಿರಿನ ಲಯವನ್ನು ಅನುಸರಿಸುವ ಮನಸ್ಸು ಆ ಹೊತ್ತಿನಲ್ಲಿ ಅತ್ತಿತ್ತ ಹರಿದಾಡುವುದಿಲ್ಲ. ಆದುದರಿಂದ ಇದು ಮೈಗೆ ವ್ಯಾಯಾಮವಾದಂತೆ ಮನಸ್ಸಿಗೂ ವ್ಯಾಯಾಮವಾಗಿದೆ.

ಮೈಕಟ್ಟಿಗೆ ಹೆಸರಾದ ಈ ಗುರು ಸಾಹಿತಿಯೂ ಆಗಿದ್ದರು. ಟಿ. ಪಿ. ಕೈಲಾಸಂ ಅವರ ಆಪ್ತಮಿತ್ರರು. ಹೊಯ್ಸಳ ರಾಣಿಯನ್ನು ಕುರಿತ ‘ಶಾಂತಲಾ’ ಕಾದಂಬರಿಯನ್ನು ಬರೆದವರು. ಅವರ ‘ರೂಪದರ್ಶಿ’ ಕಾದಂಬರಿಯ ಕಥೆ ನಡೆಯುವುದು ಇಟಲಿಯಲ್ಲಿ. ಮಹಾಕಲಾವಿದ ಮೈಕೆಲ್ ಏಂಜೆಲೊ ಬಾಲಯೇಸುವಿನ ರೂಪವನ್ನು ಮೂಡಿಸಲು ದಿವ್ಯವಾದ ಮುಖವೊಂದನ್ನು ಅರಸುತ್ತಾನೆ. ಒಬ್ಬ ಬಾಲಕನಲ್ಲಿ ಅದು ದೊರೆಯುತ್ತದೆ. ಎಷ್ಟೋ ವರ್ಷಗಳ ಮೇಲೆ, ಯೇಸುವಿಗೆ ದ್ರೋಹ ಬಗೆದ ಜೂದಾಸನಿಗೆ ತಕ್ಕ ಮುಖ ಬೇಕಾಗುತ್ತದೆ. ಬಹುಕಾಲ ಹುಡುಕಿದ ನಂತರ ಸಿಕ್ಕ ಕ್ರೂರರೂಪಿ ಬೇರೆ ಯಾರೂ ಅಲ್ಲ, ಹಿಂದಿನ ಆ ಬಾಲಕನೇ! ಕಣ್ಣು, ಮೂಗು, ತುಟಿಗಳನ್ನು ಕೊಟ್ಟದ್ದು ಪ್ರಕೃತಿ. ಅವುಗಳನ್ನು ಹಾಗೆ ಮಾರ್ಪಡಿಸಿದ್ದು ಬಾಳಿದ ಬಾಳು. ಸಾವಿರಾರು ದೇಹಗಳನ್ನು ತಿದ್ದಿದ ವ್ಯಾಯಾಮಗುರುವಿಗೆ ಈ ಕಥೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಅಂಥ ಪತನ ಒಂದೇ ದಿನದಲ್ಲಿ ಆಗುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಇಂದು ರಾತ್ರಿ ಅರ್ಧಗಂಟೆಯ ನಿದ್ರೆ, ನಾಳೆ ಬೆಳಗಿನ ಆಟ, ನಾಡಿದ್ದು ಗೆಳೆಯನೊಡನೆ ಆಡಬೇಕಾದ ನಾಲ್ಕು ಮಾತು: ಹೀಗೆ ಕಳೆದುಕೊಳ್ಳುವುದೆಲ್ಲ ಸಣ್ಣದಾಗಿಯೇ ಕಾಣುತ್ತದೆ. ಆದರೆ ಓದಿದ ಪಾಠ ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ಗಾಢನಿದ್ರೆಯಲ್ಲಿಯೇ. ಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಉಸಿರಾಟ ಚುರುಕಾಗುವಂಥ ಚಟುವಟಿಕೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮನಸ್ಸಿನ ದುಗುಡವನ್ನು ಹಿರಿಯರೊಡನೆ ಹೇಳಿಕೊಳ್ಳುವುದೂ ಒಂದು ಒಳ್ಳೆಯ ಅಭ್ಯಾಸವೇ, ಅದು ದೌರ್ಬಲ್ಯವಲ್ಲ.

ಬೆಂಗಳೂರಿನ ಉತ್ತರಭಾಗದ ಹೆಬ್ಬಾಳ, ಯಲಹಂಕಗಳ ಕೆರೆಗಳ ಬಳಿ ಬೆಳಗಿನ ಹೊತ್ತು ಬಿರುಸಾಗಿ ನಡೆಯುವ ಹಿರಿಯರನ್ನು ಕಾಣಬಹುದು. ವೈದ್ಯರ ಮಾತಿನ ಮೇಲೆ ನಡೆಯತೊಡಗಿದವರು ಅವರಲ್ಲಿ ಹಲವರು. ಅದೇ ಹೊತ್ತಿನಲ್ಲಿ, ನಡುರಾತ್ರಿಯವರೆಗೆ ಕೈಫೋನಿನ ಬೆಳಕನ್ನು ನೋಡುತ್ತಿದ್ದ ಹುಡುಗನೊಬ್ಬ ಮನೆಯಲ್ಲಿ ಮುಸುಕೆಳೆದು ಮಲಗಿರುತ್ತಾನೆ. ಆ ಹಿರಿಯರು ಕಳೆದುದನ್ನು ಮರಳಿ ಗಳಿಸಲು ಶ್ರಮಿಸುತ್ತಿದ್ದಾರೆ. ಹುಡುಗನ ಬಳಿ ಅದಿನ್ನೂ ಕಳೆಯದೆ ಉಳಿದಿದೆ. ಅವನು ಎದ್ದು ಬಾಗಿಲು ತೆರೆದು ಹೊರಬಂದರೆ ಸಾಕು.

ಅಯ್ಯರ್ 1980ರಲ್ಲಿ ತೀರಿಕೊಂಡರು. ಅವರು ಕಲಿಸಿದ ಪಾಠ ಹಳೆಯದಾಗಿಲ್ಲ. ಪ್ರತಿಯೊಬ್ಬನೂ ತನ್ನ ರೂಪವನ್ನು ದಿನದಿನವೂ ತಾನೇ ಕಡೆಯುತ್ತಿರುವ ಶಿಲ್ಪಿ. ಅವನ ಕೈಯಲ್ಲಿರುವ ಉಳಿ ಅವನ ಅಭ್ಯಾಸ.