ಸುಗ್ಗಿಯ ಕಾಲದ ಲಾರಿ ಕೆಲಸ: ಹೊಸ ಡ್ರೈವರುಗಳಿಗೆ ತಿಳಿವಳಿಕೆ



ಒಕ್ಕಲುತನದಲ್ಲಿ ವರ್ಷದ ಹನ್ನೆರಡು ತಿಂಗಳೂ ಒಂದೇ ಸಮನಾಗಿ ಕೆಲಸವಿರುವುದಿಲ್ಲ. ಮಳೆಯನ್ನೇ ನಂಬಿದ ಹೊಲವುಳ್ಳವರಿಗಂತೂ ರಾಗಿಯ ಕೊಯ್ಲು, ಒಕ್ಕಣೆ ಮುಗಿದರೆ ಮುಂಗಾರಿನವರೆಗೆ ಕೈ ಖಾಲಿ. ಅದೇ ಹೊತ್ತಿಗೆ ಬೇರೆ ಕಡೆ ಕಬ್ಬು, ಮೆಣಸಿನಕಾಯಿ, ಮಾವು ಸಾಗಿಸಲು ಲಾರಿಗಳಿಗೆ ಡ್ರೈವರುಗಳು ಬೇಕಾಗುತ್ತಾರೆ. ನಮ್ಮ ತರುಣರು ನಾಲ್ಕಾರು ತಿಂಗಳು ಈ ಕೆಲಸಕ್ಕೆ ಹೋಗುವುದು ಒಳ್ಳೆಯದೇ. ಆದರೆ ತಿಳಿಯದೆ ಹೋದವರು ದುಡಿದುದಕ್ಕಿಂತ ಹೆಚ್ಚು ದಂಡ ತೆತ್ತು ಬರುವುದೂ ಉಂಟು.

ಮೊದಲು ಲೈಸೆನ್ಸಿನ ಮಾತು. ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿದೆ, ಲಾರಿ ಏನು ಮಹಾ ಎಂದು ಕೆಲವರು ಹೇಳುತ್ತಾರೆ. ಕೈ ಪಳಗಿರುವುದು ಬೇರೆ, ಕಾಯಿದೆ ಒಪ್ಪುವುದು ಬೇರೆ. ಸರಕಿನ ವಾಹನ ನಡೆಸುವವನಿಗೆ 20 ವರ್ಷ ತುಂಬಿರಬೇಕು. ಹೇರು ಸಹಿತ ಒಟ್ಟು ತೂಕ 7,500 ಕಿಲೋ ಮೀರದ ಸಣ್ಣ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ನಡೆಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠವೂ ಅದನ್ನೇ ಎತ್ತಿಹಿಡಿಯಿತು. ಅದಕ್ಕಿಂತ ಭಾರದ ಲಾರಿಗೆ ಬೇರೆ ಲೈಸೆನ್ಸ್ ಬೇಕು. ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಕಳೆದಿದ್ದರೆ ಮಾತ್ರ ಅದರ ಕಲಿಕೆಯ ಲೈಸೆನ್ಸ್ ಸಿಗುತ್ತದೆ. ಅದು ಸಿಕ್ಕಿ 30 ದಿನ ಕಳೆದ ಮೇಲೆ ಪರೀಕ್ಷೆ. ಹೀಗಾಗಿ ಮುಂದಿನ ಹಂಗಾಮಿಗೆ ಹೋಗಬೇಕೆನ್ನುವವರು ಈ ವರ್ಷವೇ ಹೊರಡಬೇಕು. ಎಂಟನೆಯ ತರಗತಿ ಪಾಸಾಗಿರಬೇಕೆಂಬ ಹಳೆಯ ನಿಯಮವನ್ನು 2019ರಲ್ಲಿ ತೆಗೆದುಹಾಕಿದ್ದಾರೆ. ಓದು ಕಡಿಮೆಯಾಯಿತೆಂದು ಯಾರೂ ಹಿಂಜರಿಯಬೇಕಾಗಿಲ್ಲ.

ಕೆಲಸ ಎಲ್ಲಿ? ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರಿನಲ್ಲಿ ಕಬ್ಬು ಅರೆಯಲು ತೊಡಗುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಜನವರಿಯಿಂದ ಬಿರುಸು. ಶ್ರೀನಿವಾಸಪುರದ ಮಾವು ಮೇ ತಿಂಗಳಿನಿಂದ. ಮಾಲು ಬರುವ ದಿನ ಹೋಗಿ ಕೇಳಿದರೆ ತಡವಾಯಿತು. ಒಂದು ತಿಂಗಳು ಮುಂಚಿತವಾಗಿ ಲಾರಿ ಮಾಲೀಕರನ್ನೂ ಪೇಟೆಯ ದಲ್ಲಾಳಿಗಳನ್ನೂ ಅಕ್ಕಿ ಗಿರಣಿಯವರನ್ನೂ ಕಾಣಬೇಕು. ಹೊಸಬರಿಗೆ ದೊಡ್ಡ ಗಾಡಿಯನ್ನು ಒಮ್ಮೆಗೇ ಯಾರೂ ಕೊಡುವುದಿಲ್ಲ. ಒಂದು ಹಂಗಾಮು ಎರಡನೆಯ ಡ್ರೈವರಾಗಿ ಹೋಗುವುದೇ ಮೇಲೆಂದು ನನ್ನ ಅಭಿಪ್ರಾಯ. ಸಂಬಳ ಕಡಿಮೆ, ಕಲಿಕೆ ಹೆಚ್ಚು.

ಇನ್ನು ಸಂಬಳದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಿರಿ. ತಿಂಗಳ ಲೆಕ್ಕ, ಟ್ರಿಪ್ಪಿನ ಲೆಕ್ಕ, ಟನ್ನಿನ ಲೆಕ್ಕ ಎಂದು ಮೂರು ಬಗೆ. ಕೇಳಲು ಟನ್ನಿನ ಲೆಕ್ಕ ಚೆನ್ನ. ಆದರೆ ಕಾರ್ಖಾನೆಯ ಮುಂದೆ ಸಾಲಿನಲ್ಲಿ ಕಾಯುವ ಹೊತ್ತಿಗೆ ಅದರಲ್ಲಿ ಕೂಲಿಯಿಲ್ಲ. ಕಡಿದ ಕಬ್ಬು ದಿನ ಕಳೆದಂತೆ ಒಣಗಿ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವುದನ್ನು ನೀವು ಬಲ್ಲಿರಿ. ಕಾದಷ್ಟೂ ಬೆಳೆದವನಿಗೂ ನಷ್ಟ, ಸಾಗಿಸಿದವನಿಗೂ ನಷ್ಟ. ಅದಕ್ಕಿಂತ ಕೆಟ್ಟದ್ದೆಂದರೆ ಟನ್ನಿನ ಆಸೆಗೆ ಅತಿಭಾರ ಹೇರುವುದು. 2019ರ ತಿದ್ದುಪಡಿಯಂತೆ ಅತಿಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಮೂರು ಟನ್ ಹೆಚ್ಚಾದರೆ 26,000 ರೂಪಾಯಿ ಆಯಿತು. ನಡೆಸಿದವನೂ ಹೊಣೆ, ನಡೆಸಲು ಹೇಳಿದವನೂ ಹೊಣೆ ಎಂದು ಕಾಯಿದೆಯಲ್ಲಿದೆ. ರಸ್ತೆಯಲ್ಲಿ ಸಿಕ್ಕಿಬೀಳುವವನು ಮಾತ್ರ ಡ್ರೈವರು. ಆದುದರಿಂದ ದಂಡ ಯಾರದು, ಪಂಕ್ಚರು ಯಾರದು, ದಿನದ ಬಾಟಾ ಎಷ್ಟು, ಕಾದ ದಿನಕ್ಕೆ ಏನು ಕೊಡುತ್ತೀರಿ ಎಂಬುದನ್ನು ಮೊದಲೇ ಕೇಳಿ ಒಂದು ಕಾಗದದಲ್ಲಿ ಬರೆಸಿಕೊಳ್ಳಿರಿ. ಕೇಳಲು ಸಂಕೋಚಪಡಬೇಡಿರಿ. ಎತ್ತು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ?

ಗಾಡಿಯ ವಿಷಯದಲ್ಲಿ ಟ್ರ್ಯಾಕ್ಟರಿನವರು ಹೊಸದಾಗಿ ಕಲಿಯಬೇಕಾದದ್ದು ಏರ್ ಬ್ರೇಕು. ಎಂಜಿನ್ ಚಾಲೂ ಮಾಡಿ, ಗಾಳಿಯ ಒತ್ತಡ ಮುಳ್ಳಿನಲ್ಲಿ ಸಾಕಷ್ಟು ಏರುವವರೆಗೆ ಗಾಡಿ ಕದಲಿಸಬಾರದು. ಗಾಳಿ ಟ್ಯಾಂಕಿನಲ್ಲಿ ಸೇರಿದ ನೀರನ್ನು ಆಗಾಗ ಬಿಟ್ಟುಬಿಡಬೇಕು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವ ಚಾಳಿ ಕೆಲವರಲ್ಲಿದೆ. ಇದು ಬಲು ಅಪಾಯ. ಗೇರಿನ ಹಿಡಿತ ತಪ್ಪಿದ ಭಾರವನ್ನೆಲ್ಲ ಬ್ರೇಕೇ ಹೊರಬೇಕಾಗುತ್ತದೆ, ಅದು ಕಾದು ಹಿಡಿತ ಬಿಡುತ್ತದೆ. ಘಾಟಿಯಲ್ಲಿ ಹತ್ತಿದ ಗೇರಿನಲ್ಲೇ ಇಳಿಯಿರಿ. ಕಬ್ಬಿನ ಹೇರು ಎತ್ತರ. ನಾಲೆಯ ಏರಿಯ ಮೆತ್ತನೆಯ ಅಂಚಿಗೆ ಒಂದು ಚಕ್ರ ಹೋದರೆ ಸಾಕು, ಗಾಡಿ ಮಗುಚುತ್ತದೆ. ರಾತ್ರಿ ಕೆಟ್ಟು ನಿಂತರೆ ಹಿಂದಿನ ದೀಪ ಉರಿಯುತ್ತಿರಲಿ. ಕತ್ತಲಲ್ಲಿ ನಿಂತ ಗಾಡಿಗೆ ಹಿಂದಿನಿಂದ ಬಂದು ಬಡಿದವರು ನಮ್ಮ ಊರಿನವರೇ ಆಗಿರಬಹುದು. ನಿದ್ದೆ ಬಂದರೆ ಚಹಾ ಕುಡಿದು ಮುಂದೆ ಹೋಗುವುದಲ್ಲ, ನಿಲ್ಲಿಸಿ ಮಲಗಬೇಕು.

ಮಾಲೀಕರು ಅಸಲು ಲೈಸೆನ್ಸನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತೇವೆಂದರೆ ಒಪ್ಪಬೇಡಿರಿ. ನಕಲು ಕೊಟ್ಟರೆ ಸಾಕು. ಡಿಜಿಲಾಕರಿನಲ್ಲಿರುವ ಲೈಸೆನ್ಸೂ ತಪಾಸಣೆಗೆ ನಡೆಯುತ್ತದೆ. ಮುಂಗಡವನ್ನೂ ಮನೆಗೆ ತೀರಾ ಬೇಕಾದಷ್ಟೇ ತೆಗೆದುಕೊಳ್ಳಿರಿ. ದೊಡ್ಡ ಮುಂಗಡ ಪಡೆದವನಿಗೆ ಮಳೆ ಬಿದ್ದರೂ ಗಾಡಿ ಬಿಡಲಾಗುವುದಿಲ್ಲ. ಬಿತ್ತನೆಗೆ ಇಂಥ ವಾರ ಊರಿಗೆ ಹೋಗುತ್ತೇನೆಂದು ಹೊರಡುವಾಗಲೇ ಹೇಳಿ, ಅದನ್ನೂ ಆ ಕಾಗದದಲ್ಲಿ ಸೇರಿಸಿರಿ.