ಶಾಲಾ ಸರ್ವರಿನ ಉನ್ನತೀಕರಣ: ಸಿದ್ಧತೆ, ಕ್ರಮ, ಪರಿಶೀಲನೆ

ಉದ್ದೇಶಗಳು

ಈ ಪಾಠವನ್ನು ಅಭ್ಯಾಸ ಮಾಡಿದ ಶಿಕ್ಷಕರು,
1. ನವೀಕರಣಕ್ಕೂ ಉನ್ನತೀಕರಣಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವರು.
2. ಡೆಬಿಯನ್ 11ರಿಂದ 12ಕ್ಕೆ ಸಾಗುವ ಕ್ರಮವನ್ನು ಹಂತ ಹಂತವಾಗಿ ಗುರುತಿಸುವರು.
3. ಉನ್ನತೀಕರಣದ ಬಳಿಕ ಕನ್ನಡ ದತ್ತಾಂಶವನ್ನು ಪರಿಶೀಲಿಸುವ ಅಗತ್ಯವನ್ನು ಮಕ್ಕಳಿಗೆ ಮನಗಾಣಿಸುವರು.

ಪೀಠಿಕೆ

ಗಡಿನಾಡಿನ ಕನ್ನಡ ಶಾಲೆಯ ಸರ್ವರಿನಲ್ಲಿ ಹಾಜರಿ ಮತ್ತು ಅಂಕಪಟ್ಟಿಗಳ ಜೊತೆಗೆ ಶಿಕ್ಷಕರೇ ಬೆರಳಚ್ಚು ಮಾಡಿದ ಕನ್ನಡ ಟಿಪ್ಪಣಿಗಳು, ಪ್ರಶ್ನೆಪತ್ರಿಕೆಗಳು, ಮಕ್ಕಳ ಕೈಬರಹದ ಪತ್ರಿಕೆಗಳ ಪ್ರತಿಗಳು ಇರುತ್ತವೆ. ರಾಜ್ಯಭಾಷೆಯ ಸಾಮಗ್ರಿ ಒಂದು ಶಾಲೆಯಲ್ಲಿ ನಷ್ಟವಾದರೆ ನೆರೆಯ ಶಾಲೆಯಿಂದ ತರಬಹುದು. ಅಲ್ಪಸಂಖ್ಯಾತ ಭಾಷೆಯ ಸಾಮಗ್ರಿಗೆ ಅನೇಕ ವೇಳೆ ಎರಡನೆಯ ಪ್ರತಿಯೇ ಇರುವುದಿಲ್ಲ. ಆದ್ದರಿಂದ ಸರ್ವರಿನ ಪಾಲನೆಯನ್ನು ಕೇವಲ ತಂತ್ರಜ್ಞರ ಕೆಲಸವೆಂದು ಬಿಟ್ಟುಬಿಡುವಂತಿಲ್ಲ.

ಕೇರಳದ ಶಾಲೆಗಳ ಗಣಕ ಕೊಠಡಿಗಳಲ್ಲಿ ಬಳಕೆಯಲ್ಲಿರುವ ಕೈಟ್ ಗ್ನು/ಲಿನಕ್ಸ್ ಉಬುಂಟುವನ್ನು ಆಧರಿಸಿದೆ. ಉಬುಂಟು ಡೆಬಿಯನ್ನನ್ನು ಆಧರಿಸಿದೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯು ಇಂದಿಗೂ ಸ್ವಯಂಸೇವಕರ ದುಡಿಮೆಯಿಂದ ನಡೆಯುತ್ತಿದೆ. ಆದುದರಿಂದ ಡೆಬಿಯನ್ನಿನ ಕ್ರಮವನ್ನು ಅರಿತವರಿಗೆ ಉಳಿದೆರಡರ ತತ್ತ್ವವೂ ಸುಲಭವಾಗಿ ತಿಳಿಯುತ್ತದೆ.

ನವೀಕರಣ ಮತ್ತು ಉನ್ನತೀಕರಣ

ಒಂದೇ ಆವೃತ್ತಿಯೊಳಗೆ ಭದ್ರತಾ ದೋಷಗಳನ್ನು ತಿದ್ದಿಕೊಳ್ಳುವುದು ನವೀಕರಣ. ಒಂದು ಆವೃತ್ತಿಯಿಂದ ಮುಂದಿನದಕ್ಕೆ ಸಾಗುವುದು ಉನ್ನತೀಕರಣ. ಮೊದಲನೆಯದು ಪಠ್ಯಪುಸ್ತಕದ ತಪ್ಪೋಲೆಯಂತೆ. ಎರಡನೆಯದು ಪಠ್ಯಕ್ರಮವೇ ಬದಲಾದಂತೆ. ಡೆಬಿಯನ್ 11 (ಬುಲ್ಸ್‌ಐ) 2021ರ ಆಗಸ್ಟ್‌ನಲ್ಲಿಯೂ ಡೆಬಿಯನ್ 12 (ಬುಕ್‌ವರ್ಮ್) 2023ರ ಜೂನ್‌ನಲ್ಲಿಯೂ ಡೆಬಿಯನ್ 13 (ಟ್ರಿಕ್ಸಿ) 2025ರ ಆಗಸ್ಟ್‌ನಲ್ಲಿಯೂ ಬಿಡುಗಡೆಯಾದವು. ಪ್ರತಿಯೊಂದು ಆವೃತ್ತಿಗೂ ಸುಮಾರು ಐದು ವರ್ಷಗಳ ಭದ್ರತಾ ಆಸರೆ ಇರುತ್ತದೆ. ಆ ಬಳಿಕ ಸರ್ವರ್ ಓಡುತ್ತಲೇ ಇದ್ದರೂ ಹೊಸದಾಗಿ ಪತ್ತೆಯಾಗುವ ದೋಷಗಳನ್ನು ತಿದ್ದುವವರಿರುವುದಿಲ್ಲ. 11ರಿಂದ ನೇರವಾಗಿ 13ಕ್ಕೆ ಜಿಗಿಯುವುದಕ್ಕೆ ಬೆಂಬಲವಿಲ್ಲ. ನಡುವಿನ ಮೆಟ್ಟಿಲನ್ನು ತುಳಿದೇ ಹೋಗಬೇಕು.

ಸಿದ್ಧತೆ

ಮೊದಲು ಬ್ಯಾಕಪ್. ಬಳಕೆದಾರರ ಕಡತಗಳು, ದತ್ತಸಂಚಯ, ವ್ಯವಸ್ಥೆಯ ಹೊಂದಾಣಿಕೆಗಳಿರುವ 'ಇಟಿಸಿ' ಕಡತಕೋಶ, ಸ್ಥಾಪಿತ ತಂತ್ರಾಂಶಗಳ ಪಟ್ಟಿ ಇವಿಷ್ಟನ್ನೂ ಬೇರೊಂದು ಡಿಸ್ಕಿಗೆ ನಕಲಿಸಬೇಕು. ನಕಲಿಸಿದರಷ್ಟೇ ಸಾಲದು, ಆ ನಕಲಿನಿಂದ ಕೆಲವು ಕಡತಗಳನ್ನು ಮರಳಿ ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ ಬಿತ್ತಿ ನೋಡದ ಬೀಜವಿದ್ದಂತೆ. ಅದು ಮೊಳೆಯುವುದೋ ಇಲ್ಲವೋ ಎಂಬುದು ಬೇಕಾದ ಹೊತ್ತಿಗಷ್ಟೇ ತಿಳಿಯುತ್ತದೆ.

ಆ ಬಳಿಕ ಡಿಸ್ಕಿನಲ್ಲಿ, ವಿಶೇಷವಾಗಿ 'ಬೂಟ್' ವಿಭಾಗದಲ್ಲಿ, ಸಾಕಷ್ಟು ಸ್ಥಳವಿದೆಯೇ ಎಂದು ನೋಡಬೇಕು. ಹೊರಗಿನವರ ತಂತ್ರಾಂಶ ಮೂಲಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ವಿದ್ಯುತ್ ಹೋದರೆ ಆಸರೆಯಾಗಲು ಯುಪಿಎಸ್ ಇರಬೇಕು. ದೂರದಿಂದ ಕೆಲಸ ಮಾಡುವವರು 'ಸ್ಕ್ರೀನ್' ಅಥವಾ 'ಟಿಮಕ್ಸ್' ಒಳಗೆ ಮಾಡಬೇಕು. ಆಗ ಸಂಪರ್ಕ ಕಡಿದರೂ ಕೆಲಸ ನಿಲ್ಲುವುದಿಲ್ಲ. ಪರೀಕ್ಷೆಯ ವಾರದಲ್ಲಿ ಈ ಕಾರ್ಯಕ್ಕೆ ಕೈಹಾಕಬಾರದು. ದೀರ್ಘ ರಜೆಯ ಆರಂಭವೇ ತಕ್ಕ ಕಾಲ.

ಕ್ರಮ

ಮೊದಲ ಹಂತ: ಈಗಿರುವ 11ನೆಯ ಆವೃತ್ತಿಯನ್ನು ಪೂರ್ಣವಾಗಿ ನವೀಕರಿಸುವುದು.

ಎರಡನೆಯ ಹಂತ: ತಂತ್ರಾಂಶ ಮೂಲಗಳ ಪಟ್ಟಿಯಲ್ಲಿ 'ಬುಲ್ಸ್‌ಐ' ಎಂದಿರುವಲ್ಲೆಲ್ಲ 'ಬುಕ್‌ವರ್ಮ್' ಎಂದು ತಿದ್ದುವುದು. 12ನೆಯ ಆವೃತ್ತಿಯಲ್ಲಿ ಯಂತ್ರಾಂಶದ ಫರ್ಮ್‌ವೇರ್‌ಗೆ ಪ್ರತ್ಯೇಕ ವಿಭಾಗವನ್ನು ಮಾಡಲಾಗಿದೆ. ಅದನ್ನು ಪಟ್ಟಿಗೆ ಸೇರಿಸದಿದ್ದರೆ ಫರ್ಮ್‌ವೇರ್ ಹಳೆಯದಾಗಿಯೇ ಉಳಿಯುತ್ತದೆ.

ಮೂರನೆಯ ಹಂತ: 'ಆಪ್ಟ್ ಅಪ್‌ಡೇಟ್' ಆದೇಶದಿಂದ ಹೊಸ ಪಟ್ಟಿಯನ್ನು ತರಿಸಿ, ಹೊಸದನ್ನು ಸೇರಿಸದೆ ಹಳೆಯದನ್ನು ತೆಗೆಯದೆ ಸಾಧ್ಯವಿರುವಷ್ಟನ್ನು ಮಾತ್ರ ಮೇಲೇರಿಸುವುದು.

ನಾಲ್ಕನೆಯ ಹಂತ: 'ಆಪ್ಟ್ ಫುಲ್-ಅಪ್‌ಗ್ರೇಡ್'. ಯಾವ ಯಾವ ತಂತ್ರಾಂಶಗಳನ್ನು ತೆಗೆದುಹಾಕಲಾಗುವುದೆಂದು ಯಂತ್ರವು ಇಲ್ಲಿ ತಿಳಿಸುತ್ತದೆ. ಆ ಪಟ್ಟಿಯನ್ನು ಓದದೆ ಒಪ್ಪಿಗೆ ಕೊಡಬಾರದು. ಶಾಲೆಯು ತಿದ್ದಿಕೊಂಡ ಹೊಂದಾಣಿಕೆಯ ಕಡತವನ್ನು ಉಳಿಸಬೇಕೋ ಹೊಸದನ್ನು ಹಾಕಬೇಕೋ ಎಂದು ಯಂತ್ರ ಕೇಳಿದಾಗ, ಎರಡರ ವ್ಯತ್ಯಾಸವನ್ನು ನೋಡಿ ಉತ್ತರಿಸಬೇಕು. ಸಂದೇಹವಿದ್ದರೆ ಹಳೆಯದನ್ನು ಉಳಿಸಿ, ಆ ಕಡತದ ಹೆಸರನ್ನು ಬರೆದಿಟ್ಟುಕೊಳ್ಳಬೇಕು.

ಐದನೆಯ ಹಂತ: ಯಂತ್ರವನ್ನು ಮರುಚಾಲನೆ ಮಾಡುವುದು. ಹೊಸ ಕರ್ನೆಲ್ ಜಾರಿಗೆ ಬರುವುದು ಆಗಲೇ.

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ಪಿಎಚ್‌ಪಿ 7.4ರಿಂದ 8.2ಕ್ಕೆ ಏರಿರುತ್ತದೆ, ಹಳೆಯ ಪಿಎಚ್‌ಪಿಗಾಗಿ ಬರೆದ ಹಾಜರಿ ತಂತ್ರಾಂಶ ನಿಂತುಹೋಗಬಹುದು. ಪೋಸ್ಟ್‌ಗ್ರೆಸ್ ದತ್ತಸಂಚಯದ 15ನೆಯ ಆವೃತ್ತಿ ಬಂದರೂ ದತ್ತಾಂಶವು 13ರಲ್ಲಿಯೇ ಇರುತ್ತದೆ. ಅದನ್ನು ಪ್ರತ್ಯೇಕ ಆದೇಶದಿಂದ ಸಾಗಿಸಬೇಕು. ಅದಕ್ಕೆ ಮೊದಲೇ 13ನ್ನು ತೆಗೆದುಹಾಕಬಾರದು.

ಅಕಾರಾದಿಯ ಎಚ್ಚರ

ಕನ್ನಡ ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ವಿಷಯ ಇನ್ನೊಂದಿದೆ. ಅಕ್ಷರಗಳನ್ನು ಜೋಡಿಸುವ ಕ್ರಮವನ್ನು ಯಂತ್ರವು 'ಜಿಲಿಬ್‌ಸಿ' ಎಂಬ ಮೂಲ ತಂತ್ರಾಂಶದಿಂದ ತಿಳಿಯುತ್ತದೆ. ಅದರ 2.28ನೆಯ ಆವೃತ್ತಿಯಲ್ಲಿ ಈ ಕ್ರಮವು ವ್ಯಾಪಕವಾಗಿ ಬದಲಾಯಿತು. 2019ರಲ್ಲಿ ಬಂದ ಡೆಬಿಯನ್ 10ರೊಡನೆ ಅದು ಸರ್ವರುಗಳಿಗೆ ತಲಪಿತು. ದತ್ತಸಂಚಯದ ಸೂಚಿಗಳು ಮಾತ್ರ ಹಳೆಯ ಕ್ರಮದಲ್ಲಿಯೇ ಉಳಿದವು. ಸೂಚಿಯನ್ನು ಹೊಸದಾಗಿ ಕಟ್ಟದಿದ್ದಲ್ಲಿ, ಇರುವ ಹೆಸರನ್ನೇ ಯಂತ್ರವು 'ಇಲ್ಲ' ಎನ್ನುವ ಸಂಭವ ಉಂಟಾಯಿತು. ಆದುದರಿಂದ ಪ್ರತಿ ಉನ್ನತೀಕರಣದ ಬಳಿಕವೂ ಪೋಸ್ಟ್‌ಗ್ರೆಸ್ ಸೂಚಿಗಳನ್ನು 'ರೀಇಂಡೆಕ್ಸ್' ಆದೇಶದಿಂದ ಮರುರಚಿಸುವುದು ಕ್ಷೇಮ.

ತರಗತಿಯ ಚಟುವಟಿಕೆ

ಆರು ಕಾರ್ಡುಗಳಲ್ಲಿ ಕಮಲ, ಕ್ಷಮೆ, ಗಿಳಿ, ಜ್ಞಾನ, ಮಳೆ, ಹಲಸು ಎಂದು ಬರೆದು ನಿಘಂಟಿನ ಕ್ರಮದಲ್ಲಿಯೇ ಮಗುಚಿ ಇಡಬೇಕು. ಶಾಲೆಯ ವರ್ಣಮಾಲೆಯ ಪಟದಲ್ಲಿ ಕ್ಷ, ಜ್ಞಗಳು ಕೊನೆಯಲ್ಲಿ ಬರುವುದುಂಟು. ಆ ಪಟದ ಕ್ರಮವನ್ನೇ ನಂಬಿ 'ಕ್ಷಮೆ'ಯನ್ನು ಹುಡುಕಲು ಒಬ್ಬ ವಿದ್ಯಾರ್ಥಿನಿಗೆ ಹೇಳಬೇಕು. ಒಂದೊಂದೇ ಕಾರ್ಡನ್ನು ನಡುವಿನಿಂದ ತೆರೆಯುತ್ತ, ಪದವು ಅದಕ್ಕೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಆಕೆ ನಿರ್ಧರಿಸಲಿ. ಗಿಳಿ ಸಿಕ್ಕಿದಾಗ ಬಲಕ್ಕೆ, ಮಳೆ ಸಿಕ್ಕಿದಾಗ ಬಲಕ್ಕೆ, ಹಲಸಿನ ನಂತರ ಏನೂ ಇಲ್ಲ.

"ಕ್ಷಮೆ ಇದರಲ್ಲಿ ಇಲ್ಲ ಮಾಷ್ಟ್ರೇ" ಎಂದು ಆಕೆ ಹೇಳುವಳು.

"ಇಲ್ಲದಿದ್ದರೆ ಹೊಸ ಕಾರ್ಡು ಬರೆದು ಕೊನೆಗೆ ಸೇರಿಸು" ಎಂದು ಶಿಕ್ಷಕರು ಹೇಳಬೇಕು.

ಬಳಿಕ ಎಲ್ಲ ಕಾರ್ಡುಗಳನ್ನು ತಿರುಗಿಸಿದಾಗ ಒಂದೇ ಹೆಸರು ಎರಡು ಕಡೆ ಕಾಣುತ್ತದೆ. ದತ್ತಸಂಚಯದಲ್ಲಿ ಒಂದು ಮಗುವಿನ ದಾಖಲೆ ಎರಡಾಗುವುದು ಹೀಗೆಯೇ ಎಂಬುದನ್ನು ಮಕ್ಕಳು ತಾವೇ ಹೇಳುವಂತೆ ಮಾಡಬೇಕು.

ಮೌಲ್ಯಮಾಪನ

1. ಬ್ಯಾಕಪ್ಪನ್ನು ಮರಳಿ ತೆರೆದು ನೋಡುವುದು ಏಕೆ ಅಗತ್ಯ?
2. ತೆಗೆದುಹಾಕುವ ತಂತ್ರಾಂಶಗಳ ಪಟ್ಟಿಯನ್ನು ಓದದೆ ಒಪ್ಪಿದರೆ ಆಗಬಹುದಾದ ಹಾನಿಯೇನು?
3. ತಮ್ಮ ಶಾಲೆಯ ಸರ್ವರಿನಲ್ಲಿ ಬೇರೆಲ್ಲಿಯೂ ಪ್ರತಿಯಿಲ್ಲದ ಕನ್ನಡ ಕಡತಗಳ ಪಟ್ಟಿಯನ್ನು ಸಿದ್ಧಪಡಿಸಿರಿ. ಉನ್ನತೀಕರಣದ ಮೊದಲ ದಿನದ ಕೆಲಸ ಈ ಪಟ್ಟಿಯಿಂದಲೇ ಆರಂಭವಾಗಲಿ.