ಮೂಲವೂ ಘಾತವೂ

ಹೋದ ತಿಂಗಳು ಒಂದು ಸಂಜೆ ನಮ್ಮ ವಾಚನಾಲಯದಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನು ೧೬ರ ೧/೨ ಘಾತವೆಂದರೆ ೮ ಎಂದು ಬರೆದುಕೊಂಡು ಕುಳಿತಿದ್ದನು. ಪರೀಕ್ಷೆಗೆ ಹದಿನೈದೇ ದಿನ. "ಅರ್ಧ ಅಂದ್ರ ಅರ್ಧನೇ ಅಲ್ಲೇನ್ರಿ?" ಎಂದು ನಮ್ಮನ್ನೇ ಕೇಳಿದನು. ನಾವು ನಗಲಿಲ್ಲ, ಆ ವಯಸ್ಸಿನಲ್ಲಿ ನಾವೂ ಅದನ್ನೇ ಬರೆದು ಅಂಕ ಕಳೆದುಕೊಂಡವರು.

ಒಂದು ಸಂಖ್ಯೆಯನ್ನು ಎಷ್ಟು ಸಲ ಇಟ್ಟು ಗುಣಿಸಿದೆವೆಂದು ತಿಳಿಸುವುದು ಘಾತಾಂಕ. ೨ರ ೩ನೆಯ ಘಾತ ೮, ೪ನೆಯ ಘಾತ ೧೬. ಇವೆರಡನ್ನೂ ಗುಣಿಸಿದರೆ ೧೨೮. ಅದು ೨ರ ೭ನೆಯ ಘಾತ. ಸಂಖ್ಯೆಗಳನ್ನು ಗುಣಿಸಿದಾಗ ಘಾತಾಂಕಗಳನ್ನು ಕೂಡಿದರಾಯಿತು. ಈ ನಿಯಮ ಭಿನ್ನರಾಶಿಗೂ ಸಲ್ಲಬೇಕೆಂದು ಇಟ್ಟುಕೊಳ್ಳಿರಿ. ೧೬ರ ಅರ್ಧ ಘಾತವನ್ನು ಅದರಿಂದಲೇ ಗುಣಿಸಿದರೆ ಅರ್ಧಕ್ಕೆ ಅರ್ಧ ಕೂಡಿ ಒಂದು, ಅಂದರೆ ೧೬. ತನ್ನಿಂದ ತಾನೇ ಗುಣಿತವಾಗಿ ೧೬ ಆಗುವುದು ೪ ಅಲ್ಲವೆ? ಆದ್ದರಿಂದ ಅರ್ಧ ಘಾತವೆಂದರೆ ವರ್ಗಮೂಲವೇ. ಹಾಗೆಯೇ ೧/೩ ಘಾತವು ಘನಮೂಲ. ೮ರ ೨/೩ ಘಾತ ಬೇಕೆಂದರೆ, ಮೊದಲು ಘನಮೂಲ ೨, ಬಳಿಕ ಅದರ ವರ್ಗ ೪.

ಉಸ್ಮಾನಿಯಾದಲ್ಲಿ ಉರ್ದುವಿನಲ್ಲಿ ಗಣಿತ ಕಲಿತ ನಮ್ಮ ಹಿರಿಯರು ಮೂಲವನ್ನು 'ಜಜ್ರ್' ಎನ್ನುತ್ತಿದ್ದರು. ಅರಬ್ಬಿಯ ಆ ಮಾತಿಗೂ ಬೇರು ಎಂದೇ ಅರ್ಥ.

ಋಣ ೪ನ್ನು ತನ್ನಿಂದಲೇ ಗುಣಿಸಿದರೂ ೧೬ ಬರುತ್ತದೆ. ಆದರೆ ಘಾತದ ರೂಪದಲ್ಲಿ ಬರೆದಾಗ ಧನಮೂಲವನ್ನೇ ಹಿಡಿಯುವುದು ರೂಢಿ. ಋಣ ೧೬ಕ್ಕೆ ವರ್ಗಮೂಲವುಂಟೆ? ೯ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇದಕ್ಕೆ ಉತ್ತರವಿತ್ತಿದ್ದಾನೆ: ಋಣಸಂಖ್ಯೆಯು ಸ್ವಭಾವದಿಂದಲೇ ವರ್ಗವಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಆ ಮಾತು ಇಂದಿಗೂ ನಿಂತಿದೆ. ನೃಪತುಂಗನ ರಾಜಧಾನಿ ಮಾನ್ಯಖೇಟವೆಂದರೆ ಈಗಿನ ಮಳಖೇಡ. ೧೯೫೬ರವರೆಗೆ ಅದು ಹೈದರಾಬಾದ್ ರಾಜ್ಯದಲ್ಲೇ ಇದ್ದ ಊರು. ಇದನ್ನು ಕೇಳಿ ಹುಡುಗನ ಮುಖ ಅರಳಿತು. ಅವನ ಅಜ್ಜಿಯ ತೌರು ಆ ಕಡೆಯದಂತೆ.

ಅವನು ೮ನ್ನು ಹೊಡೆದುಹಾಕಿ ೪ ಎಂದು ಬರೆದನು. ಮರುಗಳಿಗೆಯಲ್ಲೇ, ೯ ಮತ್ತು ೧೬ರ ಮೊತ್ತದ ವರ್ಗಮೂಲ ೩ ಕೂಡಿಸು ೪, ಅಂದರೆ ೭ ಎಂದನು! ಮೊತ್ತ ೨೫, ಅದರ ಮೂಲ ೫. ಗುಣಲಬ್ಧದ ಮೂಲವನ್ನು ಬಿಡಿಬಿಡಿಯಾಗಿ ತೆಗೆಯಬಹುದು: ೯ ಮತ್ತು ೧೬ರ ಗುಣಲಬ್ಧ ೧೪೪, ಮೂಲ ೧೨, ಅದು ಮೂರು ನಾಲ್ಕಲಿ ಹನ್ನೆರಡೇ. ಮೊತ್ತಕ್ಕೆ ಈ ಸಲಿಗೆಯಿಲ್ಲ.

೩೨ರ ೩/೫ ಘಾತವೆಷ್ಟು? ಬಿಡಿಸಿದ ವಿದ್ಯಾರ್ಥಿಗಳು ಚೀಟಿಯನ್ನು ಪತ್ರಿಕೆಗಳ ಮೇಜಿನ ಮೇಲೆ ಇಟ್ಟುಹೋಗಬಹುದು.